ವಿಭೂತಿ ಹಚ್ಚಿದ ವೇಪ್

ಕಾರಿನ ಒಳಗಿನ ಗುಂಡಿಗಳನ್ನು ಒತ್ತಿಸಿ ಒತ್ತಿಸಿ ಅವು ಯಾವಾಗ ಕೈಕೊಡುತ್ತವೆ ಎಂದು ಕಾಯುವುದು ನನ್ನ ಹೊಟ್ಟೆಪಾಡು. ಜರ್ಮನಿಯ ವೋಲ್ಫ್ಸ್‌ಬುರ್ಗ್‌ನ ಒಂದು ಲ್ಯಾಬಿನಲ್ಲಿ ಕಿಟಕಿ ಇಳಿಸುವ ಗುಂಡಿ, ಸೀಟು ಬಿಸಿ ಮಾಡುವ ಗುಂಡಿ, ಹಾರ್ನು, ಎಲ್ಲವನ್ನೂ ಯಂತ್ರದ ಬೆರಳೊಂದು ಬಿಡುವಿಲ್ಲದೆ ಒತ್ತುತ್ತಿರುತ್ತದೆ. ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿರುತ್ತೇನೆ. ತಪ್ಪು ಹುಡುಕುವುದಕ್ಕೂ ಸಂಬಳ ಕೊಡುವ ದೇಶ ಇದು ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ಊರಲ್ಲೇ ಇದ್ದಿದ್ದರೆ ಇದೇ ಕೆಲಸವನ್ನು ನಾನು ಪುಕ್ಕಟೆ ಮಾಡುತ್ತಿದ್ದೆನಂತೆ.

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಅವನು ಮಾವಿನಹಣ್ಣಿನ ಬಣ್ಣದ, ಹೆಬ್ಬೆರಳಿಗಿಂತ ತುಸು ಉದ್ದದ ವಸ್ತುವೊಂದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, "ನಿನ್ ಕೆಲ್ಸನೇ ಅದಲ್ವಾ, ಟೆಸ್ಟ್ ಮಾಡಿ ಹೇಳು. ಡೈಲಿ ಯೂಸ್‌ಗೆ ಆಗುತ್ತಾ ಇದು?" ಎಂದು ಕೇಳಿದ.

ಅದು ವೇಪ್. ಒಳಗೊಂದು ಬ್ಯಾಟರಿ, ಒಂದಿಷ್ಟು ಹತ್ತಿ, ಹತ್ತಿಯಲ್ಲಿ ನೆನೆದ ನಿಕೋಟಿನ್ ದ್ರವ. ಬಾಯಿಟ್ಟು ಎಳೆದರೆ ತಂತಿ ಕಾದು ದ್ರವ ಆವಿಯಾಗುತ್ತದೆ, ಆ ಆವಿಯನ್ನು ಸಿಗರೇಟಿನ ಹೊಗೆಯ ಹಾಗೆ ಎಳೆದುಕೊಳ್ಳಬೇಕು. ಚಾರ್ಜ್ ಮಾಡುವುದಕ್ಕೆ ಬುಡದಲ್ಲಿ ಒಂದು ಕಿಂಡಿ ಇತ್ತು. ಆದರೆ ದ್ರವ ಮುಗಿದರೆ ತುಂಬಿಸಲು ದಾರಿಯಿಲ್ಲ, ಇಡೀ ವಸ್ತುವನ್ನೇ ಎಸೆಯಬೇಕು. ಎಸೆಯುವುದಕ್ಕೆಂದೇ ಮಾಡಿದ್ದನ್ನು ದಿನಾ ಚಾರ್ಜ್ ಮಾಡುವುದು! ಇದನ್ನು ಕಂಡುಹಿಡಿದವನ ತಲೆಯನ್ನು ಒಮ್ಮೆ ಲ್ಯಾಬಿಗೆ ತರಿಸಿ ನೋಡಬೇಕು ಅನ್ನಿಸಿತು.

ನನ್ನ ಗಂಡ ಸಿಗರೇಟು ಕಲಿತದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಮದುವೆಗೆ ಮುಂಚೆಯೇ ನನಗೆ ಹೇಳಿದ್ದ, ಬಿಡುತ್ತೇನೆ ಅಂತಲೂ ಹೇಳಿದ್ದ. ಬಿಟ್ಟಿದ್ದ ಕೂಡ, ಬೇಕಾದಷ್ಟು ಸಲ. ಬಿಟ್ಟಾಗಲೆಲ್ಲ ಮನೆಯಲ್ಲಿ ಪಾತ್ರೆ ಸದ್ದಾದರೂ ಸಿಡಿಮಿಡಿಗುಟ್ಟುತ್ತಿದ್ದ. ಮತ್ತೆ ಹಿಡಿದಾಗ ದೇವರಂಥ ಮನುಷ್ಯನಾಗುತ್ತಿದ್ದ. ಆ ವರ್ಷದ ಬೇಸಿಗೆಯಲ್ಲಿ ಇಲ್ಲಿನ ಡಾಕ್ಟರಮ್ಮ ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡು, ನಿಮ್ಮ ತಂದೆಗೆ ಏನಾಗಿತ್ತು ಎಂದು ವಿಚಾರಿಸಿದರು.

ಮಾವನಿಗೆ ಉಬ್ಬಸ. ತಿಪಟೂರಿನಲ್ಲಿ ಹಿಟ್ಟಿನ ಮಿಲ್ಲಿನ ಧೂಳು ಕುಡಿದೇ ಜೀವಮಾನ ಕಳೆದವರು, ಒಂದು ಬೀಡಿಯನ್ನೂ ಮುಟ್ಟದವರು. ಕೊನೆಯ ವರ್ಷಗಳಲ್ಲಿ ಗೋಡೆಗೆ ದಿಂಬಿಟ್ಟು ಕೂತೇ ನಿದ್ದೆ ಮಾಡುತ್ತಿದ್ದರು. ಗುಳಿಗೆ ಹಾಕಿ ಬಾಯಿಂದ ಎಳೆದುಕೊಳ್ಳುವ ಪ್ಲಾಸ್ಟಿಕ್ಕಿನ ಇನ್‌ಹೇಲರ್ ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಮನೆಯಲ್ಲಿ ಅದಕ್ಕೆ 'ಎಳೆಯೋ ಮೆಷೀನು' ಅಂತಲೇ ಹೆಸರು. ನಾನು ಹೊಸ ಸೊಸೆಯಾಗಿದ್ದಾಗ ಅವರು ಅದನ್ನು ಎಳೆಯುವಾಗ ಆ ಕಡೆ ಮುಖ ಮಾಡಿಕೊಳ್ಳುತ್ತಿದ್ದರು, ನಾನು ಹೆದರುತ್ತೇನೆಂದು.

ಎಲ್ಲ ಕೇಳಿದ ಡಾಕ್ಟರಮ್ಮ, "ಇನ್ನೂ ಏನೂ ಆಗಿಲ್ಲ," ಎಂದರು. ಆ 'ಇನ್ನೂ' ಎಂಬ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಪಕ್ಕದಲ್ಲಿ ಮಲಗಿದವನ ಉಸಿರನ್ನು ಕಿವಿಗೊಟ್ಟು ಕೇಳುವ ಕೆಟ್ಟ ಅಭ್ಯಾಸ ನನಗೆ ಶುರುವಾದದ್ದು ಆಗಲೇ.

ವೇಪ್ ಬರಲು ಇನ್ನೊಂದು ಕಾರಣವೂ ಇತ್ತು. ಅಕ್ಟೋಬರಿನಲ್ಲಿ ಅತ್ತೆ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬರುವವರಿದ್ದರು. ನಲವತ್ತೈದು ದಾಟಿ, ಕಪ್ಪು ಕೂದಲಿಗಿಂತ ಬಿಳಿ ಕೂದಲೇ ಜಾಸ್ತಿಯಾಗಿದ್ದ ಅವರ ಮಗ ತಾಯಿಯ ಎದುರು ಒಂದು ದಿನವೂ ಸಿಗರೇಟು ಹಚ್ಚಿದವನಲ್ಲ. ರಜೆಗೆ ಊರಿಗೆ ಹೋದಾಗ ಪೇಪರ್ ತರುತ್ತೇನೆಂದು ರೈಲ್ವೆ ಸ್ಟೇಷನ್ನಿನವರೆಗೆ ನಡೆಯುತ್ತಿದ್ದ. ಪೇಪರ್ ಆಗಲೇ ಬಾಗಿಲಲ್ಲಿ ಬಿದ್ದಿರುತ್ತಿತ್ತು. ದೊಡ್ಡವರ ಮುಂದೆ ಸೇದಬಾರದು, ಅಷ್ಟೆ. ಇದನ್ನು ನನ್ನ ಜರ್ಮನ್ ಸಹೋದ್ಯೋಗಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಅವಳು ತನ್ನ ಅಮ್ಮನ ಸಿಗರೇಟಿನಿಂದಲೇ ತನ್ನದನ್ನು ಹೊತ್ತಿಸಿಕೊಳ್ಳುವವಳು.

ಸರಿ, ಪರೀಕ್ಷೆಗೆ ಕೂತೆ. ನಾನು ಎಳೆದು ನೋಡಲಿಲ್ಲ. ಬ್ರೇಕು ಪರೀಕ್ಷಿಸುವವರು ತಾವೇ ಹೋಗಿ ಗೋಡೆಗೆ ಗುದ್ದಿಕೊಳ್ಳಬೇಕಾಗಿಲ್ಲ. ಎಳೆಯುವುದು ಅವನ ಪಾಲು, ನೋಡುವುದು ನನ್ನ ಪಾಲು ಎಂದಾಯಿತು. ಮೊದಲಿಗೆ, ಅದರಲ್ಲಿ ಗುಂಡಿಯೇ ಇರಲಿಲ್ಲ. ಉಸಿರು ಎಳೆದರೆ ತಾನೇ ಎಚ್ಚರಗೊಂಡು ತುದಿಯಲ್ಲಿ ನೀಲಿ ದೀಪ ಹೊತ್ತಿಸುತ್ತಿತ್ತು. ಗುಂಡಿಗಳನ್ನೇ ನಂಬಿ ಬದುಕುವ ನನಗೆ ಅದೇ ಮೊದಲ ಅವಮಾನ. ಬೀಗವೂ ಇಲ್ಲ, ಯಾವ ಮಗುವಿನ ಕೈಗೆ ಸಿಕ್ಕರೂ ಕೆಲಸ ಮಾಡುತ್ತದೆ. ಅಡ್ಡ ಮಲಗಿಸಿಟ್ಟರೆ ಬಾಯಿಯ ಹತ್ತಿರ ಅಂಟಂಟು ಹನಿ ಕೂರುತ್ತದೆ. ಬಾಲ್ಕನಿಯ ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಚಾರ್ಜ್ ಮುಗಿದರೆ ದೀಪ ಮಿಣುಕಿ ಹೇಳುತ್ತದೆ, ದ್ರವ ಮುಗಿದರೆ ಮಾತ್ರ ಏನೂ ಹೇಳುವುದಿಲ್ಲ. ಸುಟ್ಟ ಹತ್ತಿಯ ರುಚಿ ಗಂಟಲಿಗೆ ಬಂದಾಗಲೇ ಗೊತ್ತಾಗಬೇಕು.

ಇಷ್ಟನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ನಾನು ದಿನಾ ಬೆಳಿಗ್ಗೆ ಅದನ್ನು ಕೇಕಿನ ಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟು ನೋಡುತ್ತಿದ್ದೆ. ಮೊದಲ ದಿನಗಳಲ್ಲಿ ತೂಕ ಇಳಿದೂ ಇಳಿಯದಂತೆ ಇತ್ತು. ಆಮೇಲೆ ಇಳಿಯುವುದು ಜೋರಾಯಿತು. ಯಾಕೆಂದು ಅವನನ್ನು ಗಮನಿಸಿದಾಗ ತಿಳಿಯಿತು. ಸಿಗರೇಟಿಗೆ ಒಂದು ಕೊನೆ ಇದೆ. ಹಚ್ಚಿದರೆ ಉರಿದು ಮುಗಿಯುತ್ತದೆ, ಹೊಸಕಿ ಒಳಗೆ ಬರಬೇಕು. ಇದಕ್ಕೆ ಕೊನೆಯೇ ಇಲ್ಲ. ಬಾಲ್ಕನಿಗೆ ಬಟ್ಟೆ ಒಣಗಿಸಲು ಹೋದರೂ ಎರಡು ಸಲ, ಕಸ ಹಾಕಲು ಇಳಿದರೂ ಎರಡು ಸಲ, ಫೋನಿನಲ್ಲಿ ಮಾತಾಡುತ್ತಾ ಎರಡು ಸಲ. ತಾನು ಎಳೆದದ್ದು ಅವನಿಗೇ ಲೆಕ್ಕಕ್ಕಿರಲಿಲ್ಲ. ಒಂದು ಮುಗಿದರೆ ಅದೇ ಬಣ್ಣದ ಇನ್ನೊಂದು ಬರುತ್ತಿತ್ತು.

"ಹೇಳು, ಪಾಸಾ ಫೇಲಾ?" ಎಂದ.

"ಸಿಗರೇಟ್ ಸೇದ್ದೇ ಇರೋರಿಗೆ ಇದು ಬೇಡವೇ ಬೇಡ. ನಿಂಗೆ, ಸಿಗರೇಟ್ ಪೂರ್ತಿ ಬಿಟ್ಟು ಇದನ್ನ ಹಿಡಿದು, ಆಮೇಲೆ ಇದನ್ನೂ ಬಿಡೋದಾದ್ರೆ ಓಕೆ. ಇಲ್ಲಾಂದ್ರೆ ಮೊದಲ್ನೇ ಹೆಂಡ್ತಿನ ಬಿಡ್ದೇ ಎರಡನೇ ಮದುವೆ ಆದ ಹಾಗೆ," ಎಂದೆ. ಅವನು ನಕ್ಕ. ಆದರೆ ಸಿಗರೇಟಿನ ಪ್ಯಾಕನ್ನು ನನ್ನ ಎದುರಿಗೇ ಕಸದ ಡಬ್ಬಿಗೆ ಹಾಕಿದ, ಆಮೇಲೆ ಅದನ್ನು ತರಲಿಲ್ಲ ಕೂಡ. ಅಷ್ಟರ ಮಟ್ಟಿಗೆ ನಾನು ಆ ಮಾವಿನಹಣ್ಣಿನ ಬಣ್ಣದ ವಸ್ತುವಿಗೆ ಋಣಿ. ಇದನ್ನೂ ಬಿಡುವುದು ಯಾವಾಗ ಎಂದು ಕೇಳಿದರೆ, "ಅವ್ವ ಬಂದು ಹೋಗ್ಲಿ," ಎಂದ.

ಅತ್ತೆ ಬಂದರು. ಅವರು ಬಂದ ದಿನದಿಂದ ನನ್ನ ಬಾಯಲ್ಲಿ ಗಂಡನಿಗೆ 'ನೀನು' ಹೋಗಿ 'ನೀವು' ಬಂತು, 'ಲೋ' ಹೋಗಿ 'ರೀ' ಬಂತು. ಅತ್ತೆಯ ಕೈಯಲ್ಲಿ ಒಂದು ಪೆಟ್ಟಿಗೆ, ಸೊಂಟದಲ್ಲಿ ಎಲೆ ಅಡಿಕೆ ಸಂಚಿ. ಬಣ್ಣ ಮಾಸಿದ ಆ ಬಟ್ಟೆಯ ಸಂಚಿಯಲ್ಲಿ ಹೋಳಡಿಕೆ, ಸುಣ್ಣದ ಡಬ್ಬಿ, ಮತ್ತು ಪುಟ್ಟ ತಗಡಿನ ಭರಣಿಯಲ್ಲಿ ಕಡ್ಡಿಪುಡಿ, ಅಂದರೆ ಎಲೆಯ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪಿನ ಪುಡಿ. ಎಲೆಯನ್ನು ಹ್ಯಾನೋವರ್‌ನ ಶ್ರೀಲಂಕಾ ತಮಿಳರ ಅಂಗಡಿಯಿಂದ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೆವು. ಊಟವಾದೊಡನೆ ಅತ್ತೆ ಕಾಲು ಚಾಚಿ ಕೂತು, ಎಲೆಯ ಬೆನ್ನು ಸೀರೆಗೆ ಒರೆಸಿ, ಸುಣ್ಣ ಸವರಿ, ಅಡಿಕೆಯಿಟ್ಟು, ಚಿಟಿಕೆ ಕಡ್ಡಿಪುಡಿ ಉದುರಿಸಿ ಮಡಿಚಿ ಕೆನ್ನೆಗೆ ಸೇರಿಸುತ್ತಿದ್ದರು. ಆಗ ಅವರ ಮುಖ ನೋಡಬೇಕು, ಪ್ರಪಂಚದಲ್ಲಿ ಯಾರ ಮೇಲೂ ದೂರಿಲ್ಲದ ಮುಖ. ತಾಯಿ ಎಲ್ಲರೆದುರು ರಾಜಾರೋಷವಾಗಿ ಹೊಗೆಸೊಪ್ಪು ಹಾಕಿಕೊಳ್ಳುವುದು, ಮಗ ಬಾಲ್ಕನಿಯಲ್ಲಿ ಕಳ್ಳನ ಹಾಗೆ ಮಾವಿನಹಣ್ಣು ಎಳೆಯುವುದು. ನನಗೆ ಒಳಗೊಳಗೇ ನಗು.

ನವೆಂಬರಿನ ಒಂದು ಸಂಜೆ, ಐದಕ್ಕೇ ಕತ್ತಲಾಗಿತ್ತು. ಅವನು ಎಂದಿನಂತೆ ಬಾಲ್ಕನಿಗೆ ಹೋಗಿ ಬಂದ. ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು. ಮುಖ ಬಾಡಿತ್ತು.

"ನನ್ ತಾವ ಮುಚ್ಚಿಡಬ್ಯಾಡ ಕಣವ್ವ. ಅವನ್ಗೂ ಅವರಪ್ಪನ ಥರಾನೇ ಆಗೈತಾ?"

"ಏನತ್ತೆ?"

"ಉಬ್ಬಸ. ನಿನ್ನೆ ಕತ್ಲಲ್ಲಿ ಆಚೆ ನಿಂತ್ಕಂಡು ಮೆಷೀನು ಎಳೀತಿದ್ದ. ಅವರಪ್ಪನೂ ಹಿಂಗೇ, ಎಳ್ಕಂಡು ಒಂದು ಗಳಿಗೆ ಉಸಿರು ಕಟ್ಟಿ ಬಿಡ್ತಿದ್ರು. ಈ ದೇಶದ ಮೆಷೀನಲ್ಲಿ ದೀಪ ಬೇರೆ ಹತ್ತುತೈತೆ."

ಸಾಸಿವೆ ಸೀದು ಹೋಯಿತು. ನಮ್ಮ ದೇಶದಲ್ಲಿ ಈ ವೇಪನ್ನು ಮಾರುವ ಹಾಗಿಲ್ಲ. ತಿಪಟೂರಿನಲ್ಲಿ ಅತ್ತೆ ಇದನ್ನು ಕಂಡಿರುವ ಸಾಧ್ಯತೆಯೇ ಇರಲಿಲ್ಲ. ಅವರು ಕಂಡದ್ದು ಒಂದೇ ಮೆಷೀನು. ಬಾಯಿಗಿಟ್ಟು ಎಳೆಯುವ ಪ್ಲಾಸ್ಟಿಕ್ಕು ಎಂದರೆ ಅವರಿಗೆ ಗಂಡನ ಕೊನೆಯ ವರ್ಷಗಳು.

"ಅತ್ತೆ, ಅದು ನೀವಂದ್ಕೊಂಡ ಹಾಗೆ..." ಎಂದು ಶುರು ಮಾಡಿದೆ. ಅವರು ನನ್ನ ಕೈ ಹಿಡಿದುಬಿಟ್ಟರು.

"ಬ್ಯಾಡ, ನೀನು ಹೇಳಬ್ಯಾಡ. ಅವ್ನು ನನ್ನಿಂದ ಮುಚ್ಚಿಟ್ಟವ್ನೆ ಅಂದ್ರೆ ನಾನು ನೊಂದ್ಕಂತೀನಿ ಅಂತ ತಾನೆ? ನಂಗೆ ಗೊತ್ತಾಗೈತೆ ಅಂತ ಅವನ್ಗೂ ಹೇಳಬ್ಯಾಡ. ಪಾಪ, ನನ್ ಮುಂದೆ ಧೈರ್ಯವಾಗಿ ಇರ್ಲಿ."

ಅಂದು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕಾರಿನಲ್ಲಿ, ಗಂಡನಿಗೆ ಎಲ್ಲ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಗ್ನಲ್ಲಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. "ಈಗ ಹೇಳಿದ್ರೆ ಸಿಗರೇಟಿನ ವಿಷಯನೂ ಹೇಳ್ಬೇಕಾಗುತ್ತೆ ಕಣೇ. ಇರ್ಲಿ ಬಿಡು, ಹೋಗೋ ತನಕ," ಎಂದ.

ನನಗೆ ರೇಗಿಹೋಯಿತು. "ಅವರಲ್ಲಿ ನಿನ್ನ ಉಸಿರು ಹೋಗ್ತಿದೆ ಅಂದ್ಕೊಂಡು ಕೂತಿದಾರೆ, ನಿಂಗೆ ನಿನ್ನ ಮರ್ಯಾದೆ ಮುಖ್ಯ ಆಯ್ತಾ? ಹೇಳಬೇಕಾದವನು ನೀನು. ನಿನ್ ಬದಲು ನಾನು ಹೇಳಲ್ಲ." ಅವನು ಹಸಿರು ದೀಪವನ್ನೇ ನೋಡುತ್ತಾ ಕೂತ, ಹಿಂದಿನ ಕಾರಿನವನು ಹಾರ್ನ್ ಮಾಡಬೇಕಾಯಿತು.

ಅಲ್ಲಿಂದ ಅತ್ತೆಯ ಚಿಕಿತ್ಸೆ ಶುರುವಾಯಿತು. ರಾತ್ರಿ ಊಟಕ್ಕೆ ಮೊಸರು ಬಂದ್. ಬಾಳೆಹಣ್ಣು ಬಂದ್. ಬೆಳಿಗ್ಗೆ ಕಾಫಿಗೆ ಮುಂಚೆ ಮೆಣಸು, ಶುಂಠಿ, ಹಿಪ್ಪಲಿಯ ಕಷಾಯ. ಬೆಚ್ಚಗಿನ ಎಣ್ಣೆಗೆ ಕರ್ಪೂರ ಹಾಕಿ, ದೊಡ್ಡ ದೊಡ್ಡ ಮೀಟಿಂಗ್ ನಡೆಸುವ ಮಗನನ್ನು ಸೋಫಾದ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ತಿಕ್ಕುತ್ತಿದ್ದರು. ಚಳಿಗೆ ತಿಕ್ಕುತ್ತೇನೆ ಎಂಬುದು ನೆಪ. ಅವನು ಹೂಂ ಹಾಂ ಅನ್ನದೆ ಮಲಗಿರುತ್ತಿದ್ದ. ನಾನು ಇಲ್ಲಿಯವರ ಹಾಗೆ ದಿನಕ್ಕೆರಡು ಸಲ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಿಸುತ್ತೇನೆ, ಇಲ್ಲಿ ಅದಕ್ಕೆ ಲ್ಯುಫ್ಟನ್ ಅನ್ನುತ್ತಾರೆ, ಮಾಡದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆಯೊಡೆಯನ ಬೈಗುಳ ಕೇಳಬೇಕು. ನಾನು ತೆರೆದ ಕಿಟಕಿಗಳನ್ನು ಅತ್ತೆ ಹಿಂದೆಯೇ ಬಂದು ಮುಚ್ಚುತ್ತಿದ್ದರು. ಮಗನ ಎದೆಗೆ ಥಂಡಿ ತಾಕಬಾರದಲ್ಲ!

ಒಂದು ಬೆಳಿಗ್ಗೆ ಅವನು ಗಾಬರಿಯಿಂದ ನನ್ನನ್ನು ಕರೆದ. ಅಡುಗೆಮನೆಯಲ್ಲಿ ಚಾರ್ಜಿಗಿಟ್ಟಿದ್ದ ವೇಪ್ ಕಾಣುತ್ತಿರಲಿಲ್ಲ. ಹುಡುಕಿದರೆ ದೇವರ ಗೂಡಿನಲ್ಲಿತ್ತು. ಅತ್ತೆ ಸ್ನಾನ ಮಾಡಿ ಪೂಜೆ ಮುಗಿಸಿದ್ದರು. ಮನೆದೇವರ ಫೋಟೋ ಮುಂದೆ, ಒಂದು ಹೂವಿನ ಪಕ್ಕದಲ್ಲಿ, ಮಾವಿನಹಣ್ಣಿನ ಬಣ್ಣದ ಮೈಮೇಲೆ ಮೂರು ಎಳೆ ವಿಭೂತಿ ಹಚ್ಚಿಸಿಕೊಂಡು ಅದು ಕೂತಿತ್ತು. ನಾವು ಆಯುಧಪೂಜೆಯಲ್ಲಿ ಸ್ಕೂಟರಿಗೆ, ಹೊಲಿಗೆ ಮೆಷೀನಿಗೆ, ಮಾವನ ಮಿಲ್ಲಿನ ಮೋಟಾರಿಗೆ ಹಚ್ಚುವವರೇ. ನಮ್ಮನ್ನು ಕಾಯುವ ಮೆಷೀನಿಗೆ ನಾವು ಕೈ ಮುಗಿಯಬೇಕು. ಮಗನ ಉಸಿರು ಕಾಯುವ ಮೆಷೀನಿಗೆ ಅತ್ತೆ ಕೈ ಮುಗಿದಿದ್ದರು.

ಅವನು ಅದನ್ನು ಕೈಗೆತ್ತಿಕೊಂಡ. ಒರೆಸಲಿಲ್ಲ. ಅಂದು ಆಫೀಸಿಗೆ ಅದನ್ನು ಹಾಗೇ ಒಯ್ದ, ಸಂಜೆ ಬಂದಾಗ ವಿಭೂತಿ ಹಾಗೇ ಇತ್ತು. ತಕ್ಕಡಿಗಿಟ್ಟು ನೋಡಿದೆ. ತೂಕ ಅಷ್ಟೇ ಇತ್ತು. ವಿಭೂತಿ ಹಚ್ಚಿದ್ದನ್ನು ಬಾಯಿಗಿಡಲು ಮನಸ್ಸು ಬರಲಿಲ್ಲ ಎಂದ. ಆದರೆ ಒಂದು ದಿನದ ಮನಸ್ಸು ಎರಡನೇ ದಿನಕ್ಕೆ ಇರಲಿಲ್ಲ, ಮತ್ತೆ ಎಳೆದ. ಒಬ್ಬರಿಗೊಬ್ಬರು ಏನೂ ಗೊತ್ತಿಲ್ಲದವರ ಹಾಗೆ, ಸಂಜೆ ಅವನೇ ಅದನ್ನು ದೇವರ ಗೂಡಿಗೆ ತಂದಿಡುವುದೂ, ಬೆಳಿಗ್ಗೆ ಅತ್ತೆ ಹೊಸದಾಗಿ ವಿಭೂತಿ ಹಚ್ಚುವುದೂ ರೂಢಿಯಾಯಿತು.

ಈ ನಡುವೆ ಅತ್ತೆಯೇ ಬದಲಾದರು. ಅನ್ನ ಮೆತ್ತಗಾಯಿತೆಂದು ನನ್ನ ಮೇಲೆ ಸಿಡುಕಿದರು, ನೆಂಟಸ್ತಿಕೆಯ ಇಷ್ಟು ವರ್ಷಗಳಲ್ಲಿ ಅಂಥದೊಂದು ಮಾತು ಅವರ ಬಾಯಿಂದ ಬಂದಿರಲಿಲ್ಲ. ತಲೆನೋವು ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡರು. ಊಟವಾದ ಮೇಲೆ ಕಾಲು ಚಾಚಿ ಕೂರುತ್ತಿದ್ದವರು ಎದ್ದು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಸುಮ್ಮನೆ ಓಡಾಡತೊಡಗಿದರು. ಊರಿನ ನೆನಪಾಗಿರಬೇಕು, ಬಿಸಿಲಿಲ್ಲದ ಈ ದೇಶ ಯಾರಿಗೆ ತಾನೆ ಹಿಡಿಸುತ್ತದೆ ಎಂದುಕೊಂಡೆ. ಫ್ರಿಜ್ಜಿನಲ್ಲಿ ವೀಳ್ಯದೆಲೆ ಹಳದಿಯಾಗುತ್ತಿದ್ದುದನ್ನು ನೋಡಿದೆ, ಆದರೆ ಅದರ ಅರ್ಥ ನನಗೆ ಹೊಳೆಯಲಿಲ್ಲ. ತಪ್ಪು ಹುಡುಕುವವಳಂತೆ ನಾನು!

ಹೊಳೆದದ್ದು ಅವನಿಗೆ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿದಿತ್ತು. ಅತ್ತೆ ಎದ್ದು ಓಡಾಡಿದರು, ಕೂತರು, ನಾಲಗೆಯಿಂದ ಕೆನ್ನೆಯ ಒಳಗೆ ಏನೋ ತಡಕಿದರು, ಮತ್ತೆ ಎದ್ದರು. ಅವನು ತಾಯಿಯನ್ನೇ ನೋಡುತ್ತಿದ್ದ.

"ಅವ್ವ, ಎಲೆ ಅಡಿಕೆ ಯಾಕೆ ಹಾಕ್ಕೊಂತಿಲ್ಲ ನೀನು?"

"ಬಿಟ್ಟೆ."

"ಯಾವಾಗಿಂದ?"

"ಬಿಟ್ಟೆ ಅಂದ್ನಲ್ಲ. ಅದಕ್ಕೇನೀಗ?"

"ತಲೆನೋವು ಅದಕ್ಕೇ ಬಂದಿರೋದು. ನಿದ್ದೆನೂ ಬರ್ತಿಲ್ಲ ಅಲ್ವಾ? ಊಟ ಆದ್ಮೇಲೆ ಏನೋ ಕಳ್ಕೊಂಡಂಗೆ ಆಗುತ್ತೆ. ಯಾರು ಮಾತಾಡ್ಸಿದ್ರೂ ಸಿಟ್ಟು ಬರುತ್ತೆ. ಕೈಗೆ ಏನು ಕೆಲ್ಸ ಕೊಡ್ಬೇಕು ಅಂತ ಗೊತ್ತಾಗಲ್ಲ."

ಅತ್ತೆ ಬೆರಗಾಗಿ ನೋಡಿದರು. "ನಿಂಗೆಂಗ್ಲಾ ಗೊತ್ತು ಅದೆಲ್ಲ?"

"ಮೊದಲು ನೀನು ಹೇಳು, ಯಾಕೆ ಬಿಟ್ಟೆ?" ಎಂದ.

ಅತ್ತೆ ನನ್ನ ಕಡೆ ನೋಡಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನುವಂತೆ ಕೂತರು. "ಹರಕೆ ಹೊತ್ಕಂಡೆ ಕಣೋ. ನಂಗೆ ಬಿಡೋದಕ್ಕೆ ಇದೊಂದು ಬಿಟ್ರೆ ಇನ್ನೇನೈತೆ? ನನ್ ಮಗನ ಉಸಿರು ಸರಿಹೋಗೋ ಗಂಟ ಕಡ್ಡಿಪುಡಿ ಮುಟ್ಟಲ್ಲ, ಎಲೆ ಬಾಯಿಗಿಡಲ್ಲ ಅಂತ ಶಿವನ್ಗೆ ಹೇಳಿದೀನಿ."

ಅವನು ಎದ್ದು ದೇವರ ಗೂಡಿಗೆ ಹೋಗಿ ವೇಪನ್ನು ತಂದು ತಾಯಿಯ ಮುಂದೆ ನೆಲದ ಮೇಲೆ ಕೂತ. "ಅವ್ವ, ಇದು ಔಷಧಿ ಅಲ್ಲ. ನಿನ್ನ ಭರಣಿಲಿ ಏನೈತೋ ಅದೇ ಇದರಲ್ಲೂ ಇರೋದು, ಹೊಗೆಸೊಪ್ಪಿನ ಸತ್ವ. ಕಾಲೇಜಿಂದ ಸಿಗರೇಟ್ ಸೇದ್ತಿದ್ದೆ. ಅದನ್ನ ಬಿಡೋಕೆ ಅಂತ ಇದನ್ನ ಹಿಡ್ಕೊಂಡೆ. ಇದನ್ನೂ ಬಿಡೋಕಾಗ್ತಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಬೈಯುತ್ತಾರೆ, ಅಥವಾ ಮಾತು ಬಿಡುತ್ತಾರೆ, ಎರಡರಲ್ಲೊಂದು ಅಂದುಕೊಂಡಿದ್ದೆ.

"ಹಂಗಾರೆ ನಿಂಗೆ ಉಬ್ಬಸ ಇಲ್ವಾ?" ಎಂದರು ಅತ್ತೆ.

"ಇಲ್ಲ ಅವ್ವ."

"ನಿಜ ಹೇಳ್ಲಾ. ಡಾಕ್ಟ್ರು ನೋಡವ್ರಾ?"

"ನೋಡಿದಾರೆ. ಇನ್ನೂ ಏನೂ ಆಗಿಲ್ಲ ಅಂದ್ರು."

ಅತ್ತೆ ಅಂಗೈಯನ್ನು ಅವನ ಎದೆಯ ಮೇಲಿಟ್ಟರು. ಅದು ಏರುವುದನ್ನೂ ಇಳಿಯುವುದನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಅಷ್ಟು ದಿನ ಆ ಪುಟ್ಟ ಜೀವ ಏನನ್ನು ಹೊತ್ತು ನಮ್ಮ ಮನೆಯಲ್ಲಿ ಓಡಾಡುತ್ತಿತ್ತು ಎಂದು ತಿಳಿದು ನನಗೂ ತಡೆಯಲಾಗಲಿಲ್ಲ. ಅವರು ಬೈದದ್ದು ಕಣ್ಣೊರೆಸಿಕೊಂಡ ಮೇಲೆ. "ಥೂ ನಿನ್ನ! ಇದಕ್ಕೆ ದಿನಾ ವಿಭೂತಿ ಹಚ್ಚಿದ್ನಲ್ಲೋ ನಾನು!" ಎಂದರು. ಮೂವರೂ ನಕ್ಕೆವು.

"ಸರಿ, ಹರಕೆ ತೀರಿತಲ್ಲ," ಎಂದು ಅವನು ಸಂಚಿಯನ್ನು ಅವರ ಕಡೆ ಸರಿಸಿದ. "ಎಲೆ ಹಾಕ್ಕೋ."

ಅತ್ತೆ ಸಂಚಿಯನ್ನು ನೋಡಿದರು. ಅವರ ಆಸೆ ನನಗೆ ಕಾಣುತ್ತಿತ್ತು. ಆದರೂ ಅದನ್ನು ವಾಪಸ್ಸು ತಳ್ಳಿದರು. "ನಾನು ಕೇಳ್ಕಂಡಿದ್ದು ಉಬ್ಬಸ ಹೋಗ್ಲಿ ಅಂತ ಅಲ್ಲ, ಉಸಿರು ಸರಿಹೋಗ್ಲಿ ಅಂತ. ಎಲ್ಲಿ ಸರಿಹೋಗೈತೆ? ಮೊದಲು ನೀನು ಇದನ್ನ ಬಿಡು. ಆಮೇಲೆ ನಾನು ಎಲೆ ಹಾಕ್ಕಂತೀನಿ."

ಪರೀಕ್ಷೆಯ ಷರತ್ತನ್ನು ಇಷ್ಟು ಬಿಗಿಯಾಗಿ ಬರೆಯುವವರು ನಮ್ಮ ಲ್ಯಾಬಿನಲ್ಲಿ ಯಾರೂ ಇಲ್ಲ. ನಾನು ತಿಂಗಳುಗಟ್ಟಲೆ ತೂಗಿ ಅಳೆದು ಹೇಳಿದ್ದು ಅವನ ಕಿವಿಗಷ್ಟೇ ಬಿದ್ದಿತ್ತು, ಅತ್ತೆಯ ಮಾತು ಎದೆಗೆ ಬಿತ್ತು.

ಆ ಸಂಜೆಯಿಂದ ಅವನು ವೇಪನ್ನು ಮುಟ್ಟಲಿಲ್ಲ. ಅದು ದೇವರ ಗೂಡಿನಲ್ಲೇ ಉಳಿಯಿತು, ವಿಭೂತಿ ಇಲ್ಲದೆ. ಮುಂದಿನ ದಿನಗಳು ನನ್ನ ಪಾಲಿಗೆ ಸುಲಭವಾಗಿರಲಿಲ್ಲ. ಇಬ್ಬರಿಗೂ ತಲೆನೋವು, ಇಬ್ಬರಿಗೂ ಸಿಟ್ಟು, ಇಬ್ಬರಿಗೂ ಅನ್ನ ಮೆತ್ತಗೆ. ಊಟವಾದ ಕೂಡಲೇ ತಾಯಿ ಮಗ ಇಬ್ಬರೂ ಎದ್ದು ಅಡುಗೆಮನೆಗೂ ಹಾಲಿಗೂ ಓಡಾಡುತ್ತಾ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಕೊನೆಗೆ ನಾನೇ ಇಬ್ಬರಿಗೂ ಜಾಕೆಟ್ ತೊಡಿಸಿ ಆಚೆ ಕಳಿಸುತ್ತಿದ್ದೆ. ಕಾಲುವೆಯ ದಂಡೆಯಲ್ಲಿ, ಕಾರ್ಖಾನೆಯ ಚಿಮಣಿಗಳ ಎದುರು, ಸೀರೆಯ ಮೇಲೆ ನನ್ನ ಹಳೆಯ ಕೋಟು ಹಾಕಿಕೊಂಡ ಅತ್ತೆ ಮತ್ತು ಅವರ ಮಗ ನಡೆದು ಬರುತ್ತಿದ್ದರು. ತಡೆಯಲಾಗದೆ ಹೋದಾಗ ಅತ್ತೆ ಸಂಚಿಯಿಂದ ಒಂದು ಲವಂಗ ತೆಗೆದು ಅವನಿಗೆ ಕೊಟ್ಟು, ತಾವೊಂದು ಕಚ್ಚುತ್ತಿದ್ದರಂತೆ. ಅವನು ಏನೇನು ಮಾತಾಡಿದನೋ ನಾನು ಕೇಳಲಿಲ್ಲ. ಆದರೆ ಮಾವನ ವಿಷಯ ಅವನು ತಾಯಿಯ ಹತ್ತಿರ ಬಾಯಿಬಿಟ್ಟು ಮಾತಾಡಿದ್ದು ಆ ದಂಡೆಯಲ್ಲೇ ಮೊದಲಂತೆ.

ಅತ್ತೆ ಹೊರಡುವ ಮುನ್ನ ವೇಪನ್ನು ಎಸೆಯುವ ಪ್ರಶ್ನೆ ಬಂತು. ಪೂಜೆ ಮಾಡಿದ್ದನ್ನು ಕಸಕ್ಕೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ಅವರ ಹಟ. ಒಳಗೆ ಬ್ಯಾಟರಿ ಇದೆ ಅತ್ತೆ, ಕಾಲುವೆಗೆ ಬಿಟ್ಟರೆ ನಮ್ಮನ್ನೂ ಅದರ ಹಿಂದೆಯೇ ಬಿಡುತ್ತಾರೆ ಎಂದೆ. ಕೊನೆಗೆ ಹಳೆಯ ಎಲೆಕ್ಟ್ರಿಕ್ ಸಾಮಾನು ವಾಪಸ್ಸು ಹಾಕುವ ಅಂಗಡಿಯ ಡಬ್ಬಿಯ ಮುಂದೆ ಮೂವರೂ ನಿಂತೆವು. ಅತ್ತೆ ಸೆರಗಿನ ತುದಿಯಿಂದ ಅದನ್ನು ಚೆನ್ನಾಗಿ ಒರೆಸಿ ಒಳಗೆ ಬಿಟ್ಟರು. ಅಭ್ಯಾಸಬಲದಿಂದ, "ಹೋಗಿ ಬಾ" ಎನ್ನಲು ಬಾಯಿ ತೆರೆದವರು ತಟ್ಟನೆ ನಿಲ್ಲಿಸಿ, "ಹೋಗು" ಎಂದರು. ನಮ್ಮಲ್ಲಿ ಬಾಗಿಲಿಗೆ ಬಂದ ಅಪರಿಚಿತರಿಗೂ ಬರೀ 'ಹೋಗು' ಅನ್ನುವುದಿಲ್ಲ.

ಕಥೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ವೀಡಿಯೋ ಕಾಲಿನಲ್ಲಿ ಅವರ ಮೊದಲ ಮಾತು ಒಂದೇ: "ಎಲೆ ಹಾಕ್ಕಳ್ಳೇನ್ಲಾ?" ಫೆಬ್ರವರಿಯಲ್ಲಿ ಸಹೋದ್ಯೋಗಿಯೊಬ್ಬನ ಬೀಳ್ಕೊಡುಗೆಯಲ್ಲಿ ಯಾರದೋ ವೇಪನ್ನು ಅವನು ಎಳೆದುಬಿಟ್ಟ. ಮನೆಗೆ ಬಂದು ನನಗೆ ಹೇಳಿದ. ಆ ಭಾನುವಾರ ತಾಯಿಗೂ ಹೇಳಿದ, "ಇನ್ನೂ ಬೇಡ ಅವ್ವ." ಅವರು ತಲೆಯಾಡಿಸಿದರು, ಬೈಯಲಿಲ್ಲ, ಈ ಸಲ ತೆಂಗಿಗೆ ನುಸಿ ಬಿದ್ದ ವಿಷಯ ಶುರು ಮಾಡಿದರು. ಫೋನ್ ಇಟ್ಟ ಮೇಲೆ ಅವನು ಕೂತಲ್ಲೇ ಕೂತಿದ್ದ. ನಾನು ಅವನ ತಲೆ ನೇವರಿಸಿದೆ.

ಚೆರ್ರಿ ಮರಗಳು ಹೂಬಿಟ್ಟಿದ್ದ ಒಂದು ಭಾನುವಾರ ಅತ್ತೆ ಎಂದಿನಂತೆ ಕೇಳಿದರು. ಅವನು ಈ ಸಲ, "ಹಾಕ್ಕೋ ಅವ್ವ," ಎಂದ.

ಅತ್ತೆ ಅವನನ್ನು ನಂಬಲಿಲ್ಲ. "ನೀನು ಹೇಳವ್ವ," ಎಂದರು ನನಗೆ. ನಾನು ಸುಲಭಕ್ಕೆ ಪಾಸ್ ಮಾಡುವವಳಲ್ಲ ಎಂದು ಅವರಿಗೂ ಗೊತ್ತು. ಅವನ ಜಾಕೆಟ್ಟಿನ ಜೇಬುಗಳನ್ನು ನಾನು ನೋಡುತ್ತಲೇ ಬಂದಿದ್ದೆ. ಅದಕ್ಕಿಂತ ಹೆಚ್ಚಾಗಿ, ಅವನ ಉಸಿರನ್ನು ಕಿವಿಗೊಟ್ಟು ಕೇಳುವುದನ್ನು ಮರೆತು ನಾನು ನಿದ್ದೆ ಹೋಗಲು ಶುರುಮಾಡಿ ಎಷ್ಟೋ ದಿನವಾಗಿತ್ತು.

"ಹಾಕ್ಕೊಳ್ಳಿ ಅತ್ತೆ," ಎಂದೆ.

ಅವರು ಫೋನನ್ನು ಗೋಡೆಗೆ ಒರಗಿಸಿಟ್ಟು ಸಂಚಿ ಬಿಚ್ಚಿದರು. ಎಲೆಯ ಬೆನ್ನು ಸೀರೆಗೆ ಒರೆಸಿದರು. ಸುಣ್ಣ ಸವರಿದರು. ಅಡಿಕೆ ಇಟ್ಟರು. ಮಡಿಚಿ ಕೆನ್ನೆಗೆ ಸೇರಿಸಿ ಕಾಲು ಚಾಚಿದರು.

"ಕಡ್ಡಿಪುಡಿ ಮರೆತ್ರಿ ಅತ್ತೆ," ಎಂದೆ.

"ಮರ್ತಿಲ್ಲ ಕಣವ್ವ," ಎಂದರು ಅಗಿಯುತ್ತಾ. "ನಾನು ಹಾಕ್ಕಂಡ್ರೆ ಅವನ್ಗೆ ಆಸೆ ಆಯ್ತದೆ."

ನನ್ನ ಗಂಡ ಲ್ಯುಫ್ಟನ್ ಮಾಡಬೇಕು ಎಂದು ಎದ್ದು ಹೋಗಿ ಬಾಲ್ಕನಿಯ ಬಾಗಿಲು ತೆರೆದು ಆ ಕಡೆ ಮುಖ ಮಾಡಿ ನಿಂತ. ಅವನು ಕಣ್ಣೊರೆಸಿಕೊಂಡು ಬರುವ ತನಕ ನಾನೂ ಅತ್ತೆಯೂ ತೆಂಗಿನ ನುಸಿಯ ವಿಷಯ ಮಾತಾಡಿದೆವು.